ನಾನು ಕತ್ತರಿಸಿದ ಕಪ್ಪು ತುದಿಗಳು

ಹೋದ ತಿಂಗಳು ನಮ್ಮ ಕಾಲೇಜಿನಿಂದ ಒಂದು ಫೋನ್ ಬಂತು. ನಾನು ಬಿಟ್ಟ ಜಾಗಕ್ಕೆ ಹೊಸದಾಗಿ ಸೇರಿರುವ ಹೆಣ್ಣುಮಗಳು. ಪ್ರಾಣಿಶಾಸ್ತ್ರ ವಿಭಾಗದ ಜಾಡಿಗಳಲ್ಲಿ ನೀರೆಲ್ಲ ಹಳದಿಯಾಗಿದೆ, ಬದಲಾಯಿಸುವುದು ಹೇಗೆ ಸಾರ್ ಎಂದು ಕೇಳಿದರು. ಅದು ನೀರಲ್ಲ ಫಾರ್ಮಲಿನ್, ಮುಚ್ಚಳ ತೆಗೆಯುವಾಗ ಮುಖ ಪಕ್ಕಕ್ಕಿರಲಿ, ಕಿಟಕಿ ತೆರೆದಿರಲಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವ ಹಾಗೆ ನಿಂತುಕೊಳ್ಳಿ ಎಂದು ಹೇಳಿದೆ. ಫೋನ್ ಇಟ್ಟ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಅನ್ನಿಸಿತು. ಜಾಡಿಯ ನೀರು ಬದಲಾಯಿಸುವುದನ್ನು ಯಾರು ಬೇಕಾದರೂ ಕಲಿಸಬಹುದು. ಜಾಡಿಯೊಳಗಿರುವುದಕ್ಕೆ ನಾನು ಮಾಡಿದ್ದೇನು ಎನ್ನುವುದನ್ನು ನಾನೇ ಹೇಳಬೇಕು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬಡ್ತಿಯ ವಿಷಯ ಬಿಡಿ. ಅಟೆಂಡರ್ ಆಗಿ ಸೇರಿದೆ, ಲ್ಯಾಬ್ ಅಸಿಸ್ಟೆಂಟ್ ಆಗಿ ಹೊರಗೆ ಬಂದೆ, ನಡುವೆ ಮೂವತ್ತನಾಲ್ಕು ವರ್ಷ ಕಳೆಯಿತು. ಹೆಸರು ಪುಟ್ಟಸ್ವಾಮಿ, ವಿದ್ಯಾರ್ಥಿಗಳ ಬಾಯಲ್ಲಿ ಪುಟ್ಟಸ್ವಾಮಣ್ಣ. ಮನೆ ಮಾರೇನಹಳ್ಳಿಯಲ್ಲಿ, ಕಾಲೇಜಿಗೆ ನಡೆದೇ ಹೋಗುವಷ್ಟು ದೂರ. ಅದು ಒಳ್ಳೆಯದೇ ಆಯಿತು. ಬಸ್ಸು ಹತ್ತಿದರೆ ಪಕ್ಕದ ಸೀಟು ಖಾಲಿಯಾಗುತ್ತಿತ್ತು. ನನ್ನ ಹೆಂಡತಿ ಜಯಮ್ಮ ಮದುವೆಯಾದ ಹೊಸದರಲ್ಲಿ ಅದನ್ನು ಆಸ್ಪತ್ರೆ ವಾಸನೆ ಅಂದುಕೊಂಡು ಸ್ವಲ್ಪ ಗೌರವ ಕೊಟ್ಟಿದ್ದಳು. ಮೀನಿನದ್ದು ಎಂದು ಗೊತ್ತಾದ ದಿನ ಹಿತ್ತಲ ನಲ್ಲಿಯ ಹತ್ತಿರ ಒಂದು ಬಕೆಟ್ಟು, ಅರ್ಧ ನಿಂಬೆಹಣ್ಣು, ಒಂದು ಜೊತೆ ಬಟ್ಟೆ ಇಟ್ಟಳು. ಅಲ್ಲಿಂದ ಒಳಗೆ ಬರಬೇಕಾದರೆ ಸ್ನಾನ ಮಾಡಬೇಕು ಎಂದು ಅವಳೇ ಕಾನೂನು ಮಾಡಿದಳು. ನಿವೃತ್ತಿಯ ದಿನ ಹಾರ ಹಾಕಿಕೊಂಡು ಬಂದಾಗಲೂ ಹಿತ್ತಲ ಕಡೆಯಿಂದಲೇ ಒಳಗೆ ಬಂದೆ.

ಆಗೆಲ್ಲ ಪ್ರಾಣಿಶಾಸ್ತ್ರ ತೆಗೆದುಕೊಂಡ ಬಿಎಸ್ಸಿಯವರು ಶಾರ್ಕ್ ಕತ್ತರಿಸದೆ ಮುಂದಕ್ಕೆ ಹೋಗುವ ಹಾಗಿರಲಿಲ್ಲ. ಸಮುದ್ರ ಇಲ್ಲಿಂದ ಇಡೀ ರಾತ್ರಿ ಬಸ್ಸಿನ ದಾರಿ, ಆದರೂ ವಿಜಯನಗರದ ಒಂದು ಮೊದಲನೇ ಮಹಡಿಯ ಕೋಣೆಯಲ್ಲಿ ಪ್ರತಿ ವರ್ಷ ಮೂವತ್ತು ನಲವತ್ತು ಶಾರ್ಕುಗಳು ಮೇಣದ ಟ್ರೇಗಳ ಮೇಲೆ ಬೆನ್ನು ಮೇಲಾಗಿ ಮಲಗುತ್ತಿದ್ದವು. ಪುಸ್ತಕದಲ್ಲಿ ಇದ್ದದ್ದು ಒಂದೇ ಶಾರ್ಕ್, ಅದರ ಹೆಸರು ಸ್ಕೋಲಿಯೋಡಾನ್. ಚಪ್ಪಟೆ ಮೂತಿಯ, ಮೊಳ ಉದ್ದದ ಬೂದುಬಣ್ಣದ ಮೀನು. ವಿದ್ಯಾರ್ಥಿಗಳು ಅದರ ತಲೆ ಬಿಡಿಸಿ, ಮಿದುಳಿನಿಂದ ಹೊರಡುವ ನರಗಳನ್ನು ಕಡಿಯದೆ ತೋರಿಸಬೇಕು. ನೂಲಿನಷ್ಟು ಸಣ್ಣ ನರಗಳು. ಅದನ್ನು ಅಚ್ಚುಕಟ್ಟಾಗಿ ಮಾಡಿದವರು ಮುಂದೆ ಏನಾದರೂ ಆಗಲಿ, ಅವರ ಕೈ ನನಗೆ ಇವತ್ತಿಗೂ ನೆನಪಿದೆ.

ಮೀನು ಕಳಿಸುತ್ತಿದ್ದವರು ಕರಾವಳಿಯ ಶೇಖರಣ್ಣ. ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಬಲೆಯಿಂದ ಸಣ್ಣ ತಾಟೆಗಳನ್ನು ಆರಿಸಿ (ಅವರ ಕಡೆ ಶಾರ್ಕಿಗೆ ತಾಟೆ ಎನ್ನುತ್ತಾರೆ), ಫಾರ್ಮಲಿನ್ ತುಂಬಿದ ನೀಲಿ ಡ್ರಮ್ಮಿಗೆ ಹಾಕಿ, ಲಾರಿಯಲ್ಲಿ ಕಳಿಸುತ್ತಿದ್ದರು. ಮಾಗಡಿ ರಸ್ತೆಯ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ಅದನ್ನು ಇಳಿಸಿಕೊಳ್ಳುವುದು ನನ್ನ ಕೆಲಸ. ಒಂದು ವರ್ಷ ಡ್ರಮ್ಮಿನ ಮುಚ್ಚಳ ಸಡಿಲವಾಗಿ ಲಾರಿಯಲ್ಲೇ ಸೋರಿತ್ತು. ನಾನು ಹೋಗುವಷ್ಟರಲ್ಲಿ ಗುಮಾಸ್ತರಿಂದ ಹಿಡಿದು ಹಮಾಲರ ತನಕ ಎಲ್ಲರೂ ರಸ್ತೆಗೆ ಬಂದು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. ಪಕ್ಕದಲ್ಲಿ ಯಾರದ್ದೋ ಮದುವೆಯ ಸೀರೆಗಳ ಪೆಟ್ಟಿಗೆ ಇತ್ತು, ಅದರ ಸಮೇತ ಎಲ್ಲವೂ ನೆನೆದಿತ್ತು. ಏನ್ರೀ ಕಳಿಸ್ತಾರೆ ನಿಮಗೆ ಎಂದು ಗುಮಾಸ್ತರು ಕೇಳಿದರು. ವಿದ್ಯಾಭ್ಯಾಸದ ಸಾಮಾನು ಎಂದೆ. ಅವರು ನನ್ನನ್ನು ನೋಡಿದ ರೀತಿ ಮರೆಯುವ ಹಾಗಿಲ್ಲ.

ಈಗ ಕತ್ತರಿಯ ವಿಷಯ.

ನಾನು ಸೇರಿದಾಗ ವಿಭಾಗದ ಮುಖ್ಯಸ್ಥರು ನಂಜುಂಡಯ್ಯ ಮೇಷ್ಟ್ರು. ಶಿಸ್ತಿನ ಮನುಷ್ಯ. ಸ್ಟೂಲುಗಳು ಒಂದೇ ಸಾಲಿನಲ್ಲಿರಬೇಕು, ಜಾಡಿಯ ಚೀಟಿಗಳು ಒಂದೇ ಎತ್ತರದಲ್ಲಿ ಅಂಟಿರಬೇಕು. ಡ್ರಮ್ಮಿನಿಂದ ಮೀನು ತೆಗೆದು ತೊಳೆಯುವಾಗ ಕೆಲವು ಮೀನುಗಳ ಈಜುರೆಕ್ಕೆಯ ತುದಿ ಕಪ್ಪಾಗಿರುವುದನ್ನು ಮೊದಲ ವರ್ಷವೇ ಅವರಿಗೆ ತೋರಿಸಿದೆ. ಕೆಲವುಗಳಲ್ಲಿ ಬೆನ್ನಿನ ಎರಡನೇ ರೆಕ್ಕೆಯ ತುದಿ ಮಾತ್ರ ಕಪ್ಪು, ಕಾಡಿಗೆ ತೀಡಿದ ಹಾಗೆ. ಕೆಲವುಗಳಲ್ಲಿ ಎದೆಯ ರೆಕ್ಕೆಗಳೂ ಕಪ್ಪು. ಹಿಂದೊಂದು ವರ್ಷ ವಿದ್ಯಾರ್ಥಿಗಳು ಆ ಕಪ್ಪನ್ನು ತಮ್ಮ ಚಿತ್ರದಲ್ಲಿ ಬರೆದು, ಹೊರಗಿನಿಂದ ಬಂದ ಪರೀಕ್ಷಕರು ಪುಸ್ತಕದ ಚಿತ್ರದಲ್ಲಿ ಇದೆಲ್ಲಿದೆ ಎಂದು ಮಾರ್ಕ್ಸ್ ಕಡಿದಿದ್ದರಂತೆ. ಮೇಷ್ಟ್ರಿಗೆ ಮಕ್ಕಳ ಮಾರ್ಕ್ಸ್ ಅಂದರೆ ಪ್ರಾಣ. ಮೀನನ್ನು ತಿರುಗಿಸಿ ಮುರುಗಿಸಿ ನೋಡಿ, ಕಪ್ಪಿದ್ದರೆ ಚೂರು ಕತ್ತರಿಸಿಬಿಡಪ್ಪ, ಹುಡುಗರು ಗೊಂದಲ ಮಾಡ್ಕೋತಾರೆ ಎಂದರು.

ಅವತ್ತಿನಿಂದ ಕತ್ತರಿಸಿದೆ. ಪ್ರತಿ ವರ್ಷ ಡ್ರಮ್ಮು ಬಂದ ಮಾರನೇ ದಿನ, ಲ್ಯಾಬಿನ ತೊಟ್ಟಿಯ ಹತ್ತಿರ ಕೂತು, ಒಂದೊಂದೇ ಮೀನು ಹಿಡಿದು ಕಪ್ಪು ತುದಿಗಳನ್ನು ಕಚಕ್ ಎನ್ನಿಸುತ್ತಿದ್ದೆ. ಬಲೆಯಲ್ಲೋ ಡ್ರಮ್ಮಿನಲ್ಲೋ ಹರಿದ ರೆಕ್ಕೆ ಇದ್ದರೆ ಅದನ್ನೂ ಓರಣವಾಗಿರಲಿ ಎಂದು ನೇರ ಮಾಡುತ್ತಿದ್ದೆ. ಹಾಗೆ ಮಾಡಿದ ಮೇಲೆ ನಲವತ್ತೂ ಮೀನು ಪುಸ್ತಕದಿಂದ ಎದ್ದು ಬಂದ ಹಾಗೆ ಕಾಣುತ್ತಿದ್ದವು. ಬೇರೆ ಕಾಲೇಜಿನವರು ನಿಮ್ಮ ಸ್ಪೆಸಿಮನ್ ಬಹಳ ಚೆನ್ನಾಗಿರುತ್ತೆ ಕಣ್ರೀ ಎಂದರೆ ನನಗೆ ಹೆಮ್ಮೆ. ಸುತ್ತಿಗೆ ತಲೆಯ ಶಾರ್ಕನ್ನೋ ಮೀಸೆಯಿರುವ ಪಟ್ಟೆ ಶಾರ್ಕನ್ನೋ ಕತ್ತರಿಯಿಂದ ಸ್ಕೋಲಿಯೋಡಾನ್ ಮಾಡಲು ಆಗುತ್ತಿರಲಿಲ್ಲವಾದ್ದರಿಂದ ಅವು ಬಂದರೆ ಬೀರುವಿಗೆ ಹೋಗುತ್ತಿದ್ದವು. ಉಳಿದದ್ದೆಲ್ಲದಕ್ಕೂ ಸ್ಟಾಕ್ ಪುಸ್ತಕದಲ್ಲೂ, ಪ್ರತಿ ವರ್ಷ ತೆಗೆದಿಡುತ್ತಿದ್ದ ಕೆಲವು ಮೀನುಗಳ ಜಾಡಿಯ ಚೀಟಿಯಲ್ಲೂ ನಾನೇ ದುಂಡಗೆ ಒಂದೇ ಹೆಸರು ಬರೆದೆ.

ಮೇಷ್ಟ್ರು ನಿವೃತ್ತರಾಗಿ, ಕೆಲವು ವರ್ಷಕ್ಕೆ ತೀರಿಯೂ ಹೋದರು. ಅವರ ಜಾಗಕ್ಕೆ ಪದ್ಮಾ ಮೇಡಂ ಬಂದರು, ಬಸವೇಶ್ವರನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಮೃದು ಮಾತಿನವರು, ಆದರೆ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಪೈಕಿ. ರೆಕ್ಕೆಗಳು ಯಾಕೆ ಹೀಗಿವೆ ಪುಟ್ಟಸ್ವಾಮಿ ಎಂದು ಮೊದಲ ವರ್ಷವೇ ಕೇಳಿದರು. ಲಾರಿಯಲ್ಲಿ ಬರೋವಾಗ ಹಾಗಾಗುತ್ತೆ ಮೇಡಂ ಎಂದುಬಿಟ್ಟೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಮೇಷ್ಟ್ರ ಹೆಸರು ಹೇಳಿದರೆ ನಿವೃತ್ತರಾಗಿ ಹೋದವರ ಮೇಲೆ ಹಾಕಿದ ಹಾಗಾಗುತ್ತದೆ ಅಂದುಕೊಂಡೆನೋ, ಹೊಸ ಮೇಡಂ ಎದುರು ದಡ್ಡನಾಗುವುದು ಬೇಡ ಅಂದುಕೊಂಡೆನೋ. ಅವರು ನಂಬಿದರು. ಒಂದು ಸಲ ನಂಬಿಸಿದ ಮೇಲೆ ಮುಂದಿನ ವರ್ಷಗಳಲ್ಲಿ ನಿಜ ಹೇಳುವ ಸಂದರ್ಭ ಬರಲಿಲ್ಲ, ನಾನೂ ತಂದುಕೊಳ್ಳಲಿಲ್ಲ.

ಅವರ ಕಾಲದಲ್ಲೇ ಒಂದು ದಿನ ಮೀನಿನ ಹೊಟ್ಟೆ ಸೀಳುವಾಗ ಒಳಗೆ ಎರಡು ಮರಿ ಸಿಕ್ಕವು. ಮೊಟ್ಟೆಯಲ್ಲ, ಮರಿ. ಹೊಕ್ಕುಳ ಬಳ್ಳಿಯ ಸಮೇತ, ಕಣ್ಣು ಮೂಡಿ, ರೆಕ್ಕೆ ಮಡಿಸಿಕೊಂಡು ಮಲಗಿದ್ದವು. ಮೀನು ಎಂದರೆ ಸಾವಿರ ಮೊಟ್ಟೆ ಇಟ್ಟು ಹೋಗುವ ಪ್ರಾಣಿ ಎಂದು ನಾನು ಅಂದುಕೊಂಡಿದ್ದೆ. ಮೇಡಂ ತರಗತಿ ನಿಲ್ಲಿಸಿ ಎಲ್ಲರಿಗೂ ತೋರಿಸಿದರು. ಇಂಥ ಶಾರ್ಕು ಹೀಗೆ ಒಂದೆರಡೇ ಮರಿ ಹೆರುತ್ತೆ, ತಿಂಗಳುಗಟ್ಟಲೆ ಹೊತ್ತಿರುತ್ತೆ, ದೊಡ್ಡ ಜಾತಿಗಳಂತೂ ದೊಡ್ಡದಾಗೋಕೇ ಎಷ್ಟೋ ವರ್ಷ ಬೇಕು, ಅದಕ್ಕೆ ಹಿಡಿದಷ್ಟು ಬೇಗ ತುಂಬಿಕೊಳ್ಳಲ್ಲ ಎಂದರು. ಆ ಮರಿಗಳನ್ನು ಜಾಡಿಗೆ ಹಾಕಿದವನು ನಾನೇ. ಅವತ್ತು ಊಟದ ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಡ್ರಮ್ಮುಗಳು ಹಗುರವಾದವು. ಮೊದಲು ಟ್ರೇ ಸಾಲದೆ ಬಾಲವನ್ನು ಬಗ್ಗಿಸಿ ಪಿನ್ ಚುಚ್ಚುತ್ತಿದ್ದೆವು. ಬರಬರುತ್ತಾ ಅದೇ ಟ್ರೇಯಲ್ಲಿ ಮೀನಿನ ಎರಡೂ ಕಡೆ ಮೇಣ ಕಾಣತೊಡಗಿತು. ಶೇಖರಣ್ಣನಿಗೆ ಫೋನ್ ಮಾಡಿ, ಇದೇನು ಮರಿಗಳನ್ನು ಕಳಿಸಿದ್ದೀರಿ ಎಂದು ಜಗಳ ತೆಗೆದೆ. ಅವರು ಜಗಳಕ್ಕೆ ಬರಲಿಲ್ಲ. ದೊಡ್ಡದು ಬರುದೇ ಇಲ್ಲ ಮಾರಾಯ್ರೆ, ಬಂದದ್ದರ ರೆಕ್ಕೆಗೆ ಹೊರದೇಶಕ್ಕೆ ಮಾರುವವರು ಕಾದು ಕೂತಿರ್ತಾರೆ ಎಂದರು. ಅದೇ ಸುಮಾರಿಗೆ ಶಾರ್ಕುಗಳನ್ನೆಲ್ಲ ವನ್ಯಜೀವಿ ಕಾಯ್ದೆಯ ಪಟ್ಟಿಗೆ ಸೇರಿಸಿ, ಮೀನುಗಾರರು ಗಲಾಟೆ ಮಾಡಿದ ಮೇಲೆ ಕೆಲವನ್ನಷ್ಟೇ ಉಳಿಸಿಕೊಂಡರು ಎಂದು ಪದ್ಮಾ ಮೇಡಂ ಪತ್ರಿಕೆ ನೋಡಿ ಹೇಳಿದರು. ನಮ್ಮ ಡ್ರಮ್ಮಿನಲ್ಲಿ ಪಟ್ಟಿಯಲ್ಲಿರುವುದು ಇದ್ದರೆ ಎಂದು ಅವರಿಗೆ ಚಿಂತೆ. ನಮ್ಮಲ್ಲಿ ಬರೋದೆಲ್ಲ ಸ್ಕೋಲಿಯೋಡಾನ್ ಮೇಡಂ ಎಂದೆ, ಬಾಯಲ್ಲಿ ಅದೇ ರೂಢಿಯಾಗಿತ್ತು.

ಆಮೇಲೆ ಎರಡು ಮೂರು ವರ್ಷಕ್ಕೆ ಕಸ್ತೂರಿ ಬಂದಳು.

ಗದಗದ ಕಡೆಯ ಹುಡುಗಿ. ಅವಳ ಅಣ್ಣ ಬ್ಯಾಡರಹಳ್ಳಿಯಲ್ಲಿ ಹೊಸ ಮನೆಗಳಿಗೆ ಟೈಲ್ಸ್ ಹಾಕುವ ಕೆಲಸಕ್ಕೆ ಬಂದವನು, ತಂಗಿಯನ್ನೂ ಕರೆತಂದು ಕಾಲೇಜಿಗೆ ಸೇರಿಸಿದ್ದ. ಎಮ್ಮೆಸ್ಸಿ ಮಾಡಿ ಸಮುದ್ರದ ಪ್ರಾಣಿಗಳ ಬಗ್ಗೆಯೇ ಓದಬೇಕು ಎಂದು ಅವಳ ಆಸೆ. ಒಂದು ವಿಷಯವೂ ಉಳಿಸಿಕೊಳ್ಳದೆ ಪಾಸಾಗುತ್ತಾ ಹೋದರೆ ಓದಿಸುತ್ತೇನೆ, ಒಂದು ಸಲ ಡುಮ್ಕಿ ಹೊಡೆದರೂ ಸಾಕು ಮಾಡು ಎಂದು ಅಣ್ಣ ಹೇಳಿದ್ದ. ಅವನದ್ದೂ ತಪ್ಪಲ್ಲ, ಬೆಳಗಿಂದ ಸಂಜೆ ಮಂಡಿಯೂರಿ ಕೆಲಸ ಮಾಡುವವನು. ಇದನ್ನೆಲ್ಲ ಅವಳೇ ಟ್ರೇ ತೊಳೆಯುತ್ತಾ ನನಗೆ ಹೇಳಿದ್ದಳು. ತಮ್ಮ ಟ್ರೇಯನ್ನು ತಾವೇ ತೊಳೆಯುತ್ತಿದ್ದ ವಿದ್ಯಾರ್ಥಿಗಳು ನನ್ನ ಸರ್ವೀಸಿನಲ್ಲಿ ಬೆರಳೆಣಿಕೆಯಷ್ಟು.

ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ಪುಸ್ತಕ ನೋಡುತ್ತಿದ್ದರೆ ಇವಳು ಮೀನು ನೋಡುತ್ತಿದ್ದಳು. ತಿರುಗಿಸಿ ನೋಡುವಳು, ಪಕ್ಕದವರ ಟ್ರೇಗೂ ಹೋಗಿ ನೋಡಿ ಬರುವಳು. ಸಮುದ್ರದಾಗ ನಾನೂರಕ್ಕಿಂತ ಹೆಚ್ಚು ಥರದ ಶಾರ್ಕ್ ಅದಾವಂತ್ರಿ ಅಣ್ಣಾರ, ಗೇಣುದ್ದದ್ದೂ ಐತಿ, ನಿಮ್ಮ ಸಿಟಿ ಬಸ್ಸಿನಷ್ಟೂ ಐತಿ ಎಂದು ಒಂದು ದಿನ ಹೇಳಿದಳು. ಲೈಬ್ರರಿಯಲ್ಲಿ ಯಾವುದೋ ದಪ್ಪ ಪುಸ್ತಕ ಹಿಡಿದಿದ್ದಳು. ಇನ್ನೊಂದು ದಿನ ನನ್ನ ಹತ್ತಿರ ಬಂದು, ಇವುಗಳ ಬೆನ್ನಿನ ಸಣ್ಣ ರೆಕ್ಕಿ ತುದಿ ಯಾಕ ಹಿಂಗ ನೆಟ್ಟಗ ಕೊಯ್ದಂಗ ಐತಿ ಎಂದು ಕೇಳಿದಳು. ಲಾರಿಯಲ್ಲಿ ಬರೋವಾಗ ಹಾಗಾಗುತ್ತಮ್ಮ ಎಂದೆ. ಅವಳು ಹ್ಞೂಂ ಎಂದು ಹೋದಳು. ಆ ಹ್ಞೂಂ ನನಗೆ ಹಿಡಿಸಲಿಲ್ಲ.

ವರ್ಷದ ಕೊನೆಗೆ ಪರೀಕ್ಷೆ. ಹೊರಗಿನ ಪರೀಕ್ಷಕರಾಗಿ ಬೇರೆ ಊರಿನ ಹಿರಿಯ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ಕೆಟ್ಟವರಲ್ಲ. ಮಕ್ಕಳಿಗೆ ಮೊದಲು ನೀರು ಕುಡಿಯಿರಿ ಎಂದು ಹೇಳಿ ಶುರು ಮಾಡಿದರು. ಮಧ್ಯಾಹ್ನ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ ಅವರೂ ಪದ್ಮಾ ಮೇಡಮ್ಮೂ ಟ್ರೇಯಿಂದ ಟ್ರೇಗೆ ನಡೆದು ಮಾರ್ಕ್ಸ್ ಹಾಕುತ್ತಿದ್ದರು. ಹಾಕಿ ಮುಗಿದ ಟ್ರೇಗಳನ್ನು ನಾನು ಹಿಂದಿನಿಂದ ಎತ್ತುತ್ತಿದ್ದೆ. ಒಂದು ಟ್ರೇ ಹತ್ತಿರ ಪರೀಕ್ಷಕರು ನಿಂತೇಬಿಟ್ಟರು. ನರಗಳನ್ನೆಲ್ಲ ಒಂದೂ ಕಡಿಯದೆ ಬಿಡಿಸಲಾಗಿತ್ತು, ನೋಡಿದ ಕೂಡಲೇ ಅದು ಕಸ್ತೂರಿಯ ಕೈ ಎಂದು ನನಗೆ ಗೊತ್ತಾಯಿತು. ಆದರೆ ಅವರು ನೋಡುತ್ತಿದ್ದದ್ದು ಪಕ್ಕದ ಉತ್ತರ ಪತ್ರಿಕೆಯನ್ನು.

ಮೊದಲ ಸಾಲಿನಲ್ಲೇ ಅವಳು ಬರೆದಿದ್ದಳು, ಕೊಟ್ಟಿರುವ ಮೀನು ಸ್ಕೋಲಿಯೋಡಾನ್ ಅಲ್ಲ ಎಂದು. ಅದರಲ್ಲಿ ಬೆನ್ನಿನ ಎರಡನೇ ರೆಕ್ಕೆ ಹೊಟ್ಟೆಯಡಿಯ ಕೊನೇ ರೆಕ್ಕೆಗಿಂತ ಹಿಂದೆ ಸರಿದಿರುತ್ತದೆ, ಇದರಲ್ಲಿ ಎರಡೂ ನೇರಕ್ಕೆ ನೇರ ಇವೆ, ಮೂತಿಯೂ ಅಷ್ಟು ಚಪ್ಪಟೆಯಲ್ಲ. ಇದು ಕಾರ್ಕರೈನಸ್ ಗುಂಪಿನ ಶಾರ್ಕ್ ಇರಬೇಕು. ರೆಕ್ಕೆಯ ತುದಿ ಕತ್ತರಿಸಿರುವುದರಿಂದ ಬಣ್ಣ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ. ಪರೀಕ್ಷಕರು ಇದನ್ನು ಗಟ್ಟಿಯಾಗಿ ಓದಿ, ಕೊಟ್ಟ ಪ್ರಾಣಿಯ ಹೆಸರೇ ಗೊತ್ತಿಲ್ಲದವಳಿಗೆ ಡಿಸೆಕ್ಷನ್ ಮಾರ್ಕ್ಸ್ ಹೇಗೆ ಕೊಡೋದು ಮೇಡಂ, ಸಾಲದ್ದಕ್ಕೆ ಕಾಲೇಜಿನವರೇ ಮೀನು ಕತ್ತರಿಸಿದ್ದಾರೆ ಅಂತ ಆರೋಪ ಬೇರೆ ಎಂದರು. ಪೆನ್ನಿನ ಮುಚ್ಚಳ ತೆಗೆದಿದ್ದರು. ಆ ಮಾರ್ಕ್ಸ್ ಹೋದರೆ ಪ್ರಾಕ್ಟಿಕಲ್ ಪಾಸಾಗುವುದಿಲ್ಲ. ಮೇಡಂ ಮೆಲ್ಲಗೆ, ಕೈಕೆಲಸ ಚೆನ್ನಾಗಿದೆಯಲ್ಲ ಸಾರ್ ಎಂದರು. ಚೆನ್ನಾಗಿದ್ದರೆ ಆಯ್ತಾ, ಬಾಯಿಗೆ ಬಂದದ್ದು ಬರೆಯೋದನ್ನ ಈಗಲೇ ನಿಲ್ಲಿಸಬೇಕು ಎಂದರು ಅವರು.

ನನ್ನ ಕೈಯಲ್ಲಿ ಎರಡು ಟ್ರೇ ಇದ್ದವು. ನಿಜ ಹೇಳುತ್ತೇನೆ, ಮೊದಲು ಬಂದ ಯೋಚನೆ ಆ ಹುಡುಗಿಯದಲ್ಲ. ಇನ್ನು ಕೆಲವೇ ವರ್ಷ ಸರ್ವೀಸು, ಈಗ ಯಾಕೆ ಬಾಯಿ ಬಿಡಬೇಕು ಎಂಬುದು. ಪರೀಕ್ಷಕರ ನಡುವೆ ಲ್ಯಾಬ್ ಅಸಿಸ್ಟೆಂಟು ಮಾತಾಡುವ ಪದ್ಧತಿಯೂ ಇಲ್ಲ. ಟ್ರೇಗಳನ್ನು ತೊಟ್ಟಿಯ ತನಕ ಒಯ್ದು ಇಟ್ಟೆ. ಅಲ್ಲಿ ಕಿಟಕಿಕಟ್ಟೆಯ ಮೇಲೆ ನನ್ನ ಕತ್ತರಿ ಇತ್ತು. ಮೇಷ್ಟ್ರು ಕತ್ತರಿಸು ಎಂದದ್ದು ಮಕ್ಕಳ ಮಾರ್ಕ್ಸ್ ಹೋಗಬಾರದು ಎಂದು. ಈಗ ಅದೇ ಕತ್ತರಿಯಿಂದ ಒಬ್ಬಳ ಮಾರ್ಕ್ಸ್ ಹೋಗುತ್ತಿತ್ತು. ವಾಪಸ್ಸು ಬಂದೆ.

“ಸಾರ್, ಕತ್ತರಿಸಿದ್ದು ನಾನು,” ಎಂದೆ.

ಇಬ್ಬರೂ ತಿರುಗಿ ನೋಡಿದರು. ಪರೀಕ್ಷಕರು ಏನನ್ನು ಎಂದು ಕೇಳಿದರು. ಅಲ್ಲಿ ಕಪ್ಪು ಇತ್ತು ಸಾರ್, ಪ್ರತಿ ವರ್ಷ ನಾನೇ ತೆಗೆಯುತ್ತೇನೆ ಎಂದೆ. ಯಾಕೆ ಎಂದರು. ಪುಸ್ತಕದಲ್ಲಿ ಇಲ್ಲವಲ್ಲ ಸಾರ್ ಎಂದೆ. ಮೇಡಂ ನನ್ನನ್ನೇ ನೋಡಿದರು. ಲಾರಿಯ ಮಾತನ್ನು ಅವರು ಅಷ್ಟು ವರ್ಷ ನಂಬಿದ್ದರಲ್ಲ, ಆ ನೋಟ ತಡೆದುಕೊಳ್ಳುವುದು ಕಷ್ಟವಾಯಿತು.

ಸಾಲದೆ ಬಂದರೆ ಇರಲಿ ಎಂದು ಆ ವರ್ಷ ಡ್ರಮ್ಮಿನ ತಳದಲ್ಲೇ ಬಿಟ್ಟಿದ್ದ, ನಾನಿನ್ನೂ ಕತ್ತರಿ ಹಾಕದ ಐದಾರು ಮೀನಿದ್ದವು. ಎರಡನ್ನು ತಂದು ಕಸ್ತೂರಿಯ ಟ್ರೇಯ ಪಕ್ಕ ಇಟ್ಟೆ. ಒಂದು ನಿಜವಾದ ಪುಸ್ತಕದ ಶಾರ್ಕು, ಚಪ್ಪಟೆ ಮೂತಿಯದು. ಇನ್ನೊಂದರ ಬೆನ್ನಿನ ಎರಡನೇ ರೆಕ್ಕೆಯ ತುದಿಯಲ್ಲಿ ಕಪ್ಪು. ಅವಳ ಮೀನು ಎರಡನೆಯದರ ಹಾಗೇ ಇತ್ತು, ಕಪ್ಪಿರಬೇಕಾದ ಜಾಗದಲ್ಲಿ ನನ್ನ ಕತ್ತರಿಯ ಗೆರೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮೂರನ್ನೂ ಬಹಳ ಹೊತ್ತು ನೋಡಿದರು. ಬೆರಳಿನಿಂದ ರೆಕ್ಕೆಗಳ ನೇರ ಅಳೆದರು.

“ಇಪ್ಪತ್ತೈದು ವರ್ಷದಿಂದ ನಾನು ಎಲ್ಲಾ ಕಾಲೇಜಲ್ಲೂ ಇದಕ್ಕೆ ಸ್ಕೋಲಿಯೋಡಾನ್ ಅಂತಲೇ ಮಾರ್ಕ್ಸ್ ಕೊಟ್ಟಿದ್ದೀನಿ ಮೇಡಂ,” ಎಂದರು. ಸಿಟ್ಟಿರಲಿಲ್ಲ. ಅವಳ ಪತ್ರಿಕೆಗೆ ಪೂರ್ತಿ ಮಾರ್ಕ್ಸ್ ಹಾಕಿದರು. ಆಮೇಲೆ ನನ್ನ ಕಡೆ ತೋರಿಸಿ, ಇವರಿಗೆ ಒಂದು ಮೆಮೋ ಕೊಡಿ ಎಂದರು. ಮೇಡಂ ಕೊಟ್ಟರು. ಕಾಲೇಜಿನ ಸ್ಪೆಸಿಮನ್‌ಗಳನ್ನು ಅನುಮತಿಯಿಲ್ಲದೆ ವಿರೂಪಗೊಳಿಸಿದ್ದಕ್ಕೆ ಸಮಜಾಯಿಷಿ ನೀಡಬೇಕು ಎಂದು ಅದರಲ್ಲಿತ್ತು. ನಂಜುಂಡಯ್ಯ ಮೇಷ್ಟ್ರ ಹೆಸರು ಬರೆಯದೆ ಸಮಜಾಯಿಷಿ ಕೊಟ್ಟೆ. ಕತ್ತರಿ ಹಿಡಿದಿದ್ದವನು ನಾನೇ ತಾನೆ.

ಮಾರನೇ ದಿನ ಕಸ್ತೂರಿಗೆ ನಡೆದದ್ದನ್ನು ಹೇಳಿ, ತಪ್ಪಾಯ್ತಮ್ಮ ಎಂದೆ. ಅವಳು ನನಗ ಮೊದಲ ಗೊತ್ತಿತ್ರಿ ಅಣ್ಣಾರ ಎಂದಳು. ಲಾರಿಯಲ್ಲಿ ಹರಿದರೆ ಎಲ್ಲ ಮೀನೂ ಒಂದೇ ಜಾಗದಲ್ಲಿ ಹರಿಯುತ್ತದೇನು, ಕತ್ತರಿಸುವವರು ನೀವೇ ಎಂದೂ ಗೊತ್ತಿತ್ತು, ನೀವಾಗಿ ಹೇಳುತ್ತೀರೇನೋ ಎಂದು ಕಾದೆ ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು. ಮುಂದಿನ ವರ್ಷದಿಂದ ಡ್ರಮ್ಮು ಬಂದಾಗ ಮೇಡಮ್ಮೂ ನಾನೂ ಕೂತು ಮೀನುಗಳನ್ನು ಬೇರೆ ಬೇರೆ ಮಾಡಿದೆವು. ಅರ್ಧಕ್ಕರ್ಧ ಪುಸ್ತಕದವಲ್ಲ. ಕೊನೆಕೊನೆಗೆ ಮೇಡಂ ಡ್ರಮ್ಮು ತರಿಸುವುದನ್ನೇ ನಿಲ್ಲಿಸಿದರು. ಮಾದರಿ ಮತ್ತು ಚಿತ್ರಗಳಲ್ಲಿ ತೋರಿಸುತ್ತೇನೆ, ಇಷ್ಟಕ್ಕಾಗಿ ಇವನ್ನು ಕೊಲ್ಲುವುದು ಬೇಡ ಎಂದರು. ನನಗೆ ಕೆಲಸ ಕಡಿಮೆಯಾಯಿತು, ಜಯಮ್ಮನಿಗೆ ನಿಂಬೆಹಣ್ಣು ಉಳಿಯಿತು.

ನಾನು ನಿವೃತ್ತನಾದ ವರ್ಷವೇ ಪದ್ಮಾ ಮೇಡಂ ಫೋನ್ ಮಾಡಿ ಕಾಲೇಜಿಗೆ ಕರೆದರು. ಹೋದರೆ ಕಸ್ತೂರಿ ಕೂತಿದ್ದಳು. ಎಮ್ಮೆಸ್ಸಿ ಮುಗಿಸಿ ಕರಾವಳಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಅಣ್ಣ ಕೊನೆಯ ತನಕ ಓದಿಸಿದ್ದ. ಈಗ ಬಲೆಗೆ ಬೀಳುವ ಶಾರ್ಕುಗಳನ್ನು ಅವರು ಎಣಿಸುತ್ತಿದ್ದಾರೆ, ಆದರೆ ಹಿಂದೆ ಯಾವ್ಯಾವುದು ಇತ್ತು ಎಂದು ಗೊತ್ತಿಲ್ಲದೆ ಯಾವುದು ಹೋಯಿತು ಎಂದು ಹೇಳುವುದು ಹೇಗೆ? ಅದಕ್ಕೆ ಹಳೆಯ ಕಾಲೇಜುಗಳ ಜಾಡಿಗಳನ್ನು ನೋಡಿಕೊಂಡು ಬರುತ್ತಿದ್ದಳು. ನಮ್ಮ ಬೀರುವಿನಲ್ಲಿ ಮೂವತ್ತು ವರ್ಷದ ಜಾಡಿಗಳಿದ್ದವು, ಹೆಚ್ಚಿನವುಗಳ ಮೇಲೆ ನನ್ನ ದುಂಡಕ್ಷರದ ಒಂದೇ ಹೆಸರು.

ಇಡೀ ದಿನ ಒಂದೊಂದೇ ಜಾಡಿ ಇಳಿಸಿದೆವು. ಅವಳು ಮೂತಿ ನೋಡುವಳು, ಹಲ್ಲು ನೋಡುವಳು, ರೆಕ್ಕೆಯ ನೇರ ನೋಡುವಳು. ಕಪ್ಪು ಎಲ್ಲಿತ್ತು ಎನ್ನುವುದಕ್ಕೆ ನನ್ನ ಕತ್ತರಿಯ ಗೆರೆಗಳೇ ಗುರುತು, ಆದರೆ ಹರಿದ ರೆಕ್ಕೆಗಳನ್ನೂ ನೇರ ಮಾಡುತ್ತಿದ್ದೆ ಎಂದು ಅವಳಿಗೆ ಮೊದಲೇ ಹೇಳಿದ್ದೆ. ಒಂದೊಂದಕ್ಕೆ ಹೊಸ ಹೆಸರು ಹೇಳಿದಳು, ನಾನು ಹೊಸ ಚೀಟಿ ಬರೆದೆ. ಸಂಜೆಯ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ದೊಡ್ಡ ಜಾಡಿ ಬಂತು. ನಂಜುಂಡಯ್ಯ ಮೇಷ್ಟ್ರ ಕಾಲದ್ದು. ಅವಳು ಅದನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡಳು.

ಎದೆಯ ಎರಡೂ ರೆಕ್ಕೆ, ಬೆನ್ನಿನ ಎರಡನೆಯದು, ಬಾಲದ ಕೆಳಗಿನ ತುದಿ, ಎಲ್ಲ ನೆಟ್ಟಗೆ ಕತ್ತರಿಸಿದ್ದವು. ನರಗಳನ್ನು ತೋರಿಸಲು ತಲೆ ಬಿಡಿಸಿದ್ದರಿಂದ ದವಡೆ ಇರಲಿಲ್ಲ, ಹಲ್ಲು ನೋಡುವ ಹಾಗಿರಲಿಲ್ಲ. ಅಷ್ಟು ವರ್ಷ ಫಾರ್ಮಲಿನ್‌ನಲ್ಲಿ ಇದ್ದದ್ದರಿಂದ ಡಿಎನ್‌ಎಯಂಥ ಬೇರೆ ಪರೀಕ್ಷೆಗಳೂ ಕಷ್ಟವಂತೆ. ಪಾಂಡಿಚೇರಿ ಶಾರ್ಕ್ ಎಂದು ಒಂದಿದೆ, ಈ ನಾಲ್ಕೂ ಕಡೆ ಕಪ್ಪಿರುತ್ತದೆ, ಮೈಕಟ್ಟೂ ಹೀಗೇ ಎಂದಳು. ಕಾಯ್ದೆಯ ಪಟ್ಟಿಯಲ್ಲಿ ಅದರ ಹೆಸರಿದೆ, ಮೀನು ಮಾತ್ರ ಬಹಳ ವರ್ಷದಿಂದ ಯಾರ ಕಣ್ಣಿಗೂ ಖಚಿತವಾಗಿ ಬಿದ್ದಿಲ್ಲ. ಇದು ಅದೇ ಆಗಿದ್ದರೆ, ಅಷ್ಟು ಈಚಿನ ತನಕ ನಮ್ಮ ಕರಾವಳಿಯಲ್ಲಿ ಅದು ಇತ್ತು ಎಂದು ಹೇಳಬಹುದು, ಹುಡುಕಬಹುದು. ಪರೀಕ್ಷೆಯ ಹಾಳೆಯಲ್ಲಿ ಬರೆದಾಗಲೂ ಅವಳಿಗೆ ಬೇಕಿದ್ದದ್ದು ಇಷ್ಟೇ, ತಾನು ಕಂಡದ್ದನ್ನು ಯಾರಾದರೂ ನಂಬಬೇಕು.

“ನೀವು ಹರಿದ ರೆಕ್ಕಿನೂ ಕತ್ತರಿಸ್ತಿದ್ರಲ್ರಿ ಅಣ್ಣಾರ. ಇವನ್ನ ಕಪ್ಪಿತ್ತಂತ ಕತ್ತರಿಸಿದ್ದೋ, ಹರಿದಿತ್ತಂತ ಕತ್ತರಿಸಿದ್ದೋ? ನೆನಪ ಮಾಡಿಕೊಳ್ರಿ,” ಎಂದಳು.

ಕೂತು ನೆನಪು ಮಾಡಿಕೊಂಡೆ. ಆ ತೊಟ್ಟಿ ನೆನಪಾಯಿತು, ಮೇಷ್ಟ್ರ ಚಪ್ಪಲಿ ಸದ್ದು ನೆನಪಾಯಿತು, ಆ ಮೀನಿನ ತೂಕವೂ ಕೈಗೆ ನೆನಪಾಯಿತು. ಕಪ್ಪು ನೆನಪಾಗಲಿಲ್ಲ. ಕಪ್ಪಿತ್ತು ಎಂದು ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ಆ ಹುಡುಗಿಗೆ ನಾನು ಕೊಡಬೇಕಾದದ್ದೊಂದು ಉಳಿದೇ ಇದೆ ಅನ್ನಿಸುತ್ತಿತ್ತು, ಒಂದು ಮಾತಿನಲ್ಲಿ ಅದು ತೀರುತ್ತಿತ್ತು.

“ಗೊತ್ತಿಲ್ಲ ಕಣಮ್ಮ,” ಎಂದೆ.

ಅವಳು ಜಾಡಿಯ ಮುಚ್ಚಳ ಹಾಕಿ, “ನೀವು ಕಪ್ಪಿತ್ತು ಅಂದಿದ್ರ ನಾ ನಂಬ್ತಿದ್ದೆರಿ,” ಎಂದಳು.

“ಅದಕ್ಕೇ ಹೇಳ್ಲಿಲ್ಲ,” ಎಂದೆ.

ಅವಳು ತಲೆಯಾಡಿಸಿ, ಹಾಗಾದರೆ ಗೊತ್ತಿಲ್ಲ ಎಂದೇ ಬರೆಯೋಣ ಎಂದಳು. ಹೊಸ ಚೀಟಿಯನ್ನು ನನ್ನ ಮುಂದಿಟ್ಟು ಏನು ಬರೆಯಬೇಕೆಂದು ಹೇಳಿದಳು, ನಾನು ಬರೆದೆ. ಶಾರ್ಕ್, ಯಾವುದೆಂದು ಗೊತ್ತಿಲ್ಲ. ಈಜುರೆಕ್ಕೆಯ ತುದಿಗಳನ್ನು ಈ ಲ್ಯಾಬಿನಲ್ಲೇ ಕತ್ತರಿಸಲಾಗಿದೆ. ಕತ್ತರಿಸಿದವರ ಹೆಸರೂ ಇದ್ದರೆ ಮುಂದೆ ನೋಡುವವರಿಗೆ ಅನುಕೂಲ, ನಿಮಗೆ ಬೇಡ ಅನ್ನಿಸಿದರೆ ಬಿಡಿ ಎಂದಳು. ಬರೆದೆ. ಮೂವತ್ತನಾಲ್ಕು ವರ್ಷದಲ್ಲಿ ಸಾವಿರಾರು ಚೀಟಿ ಬರೆದವನು ನಾನು, ಆ ಬೀರುವಿನಲ್ಲಿ ನನ್ನ ಹೆಸರಿರುವುದು ಅದೊಂದೇ ಜಾಡಿಯ ಮೇಲೆ.